ಬೆಂಗಳೂರಿಗಿಂತ ಮೊದಲು ಟಿವಿ ಕಂಡ ಊರುಗಳು

ಕರ್ನಾಟಕಕ್ಕೆ ಟಿವಿ ಬಂದದ್ದು ಯಾವಾಗ ಎಂದು ಕೇಳಿ ನೋಡಿ. ತಿಳಿದವರು 1981ರ ನವೆಂಬರ್ 1 ಎನ್ನುತ್ತಾರೆ. ಬೆಂಗಳೂರು ದೂರದರ್ಶನ ಶುರುವಾದ ದಿನ ಅದು. ರಾಜ್ಯೋತ್ಸವವೂ ಅವತ್ತೇ ಆದ್ದರಿಂದ ನೆನಪಿಡುವುದು ಸುಲಭ, ಕ್ವಿಜ್ ಪುಸ್ತಕದವರಿಗೂ ಅನುಕೂಲ. ಆದರೆ ಅದಕ್ಕೆ ಆರು ವರ್ಷ ಮೂರು ತಿಂಗಳು ಮೊದಲು, 1975ರ ಆಗಸ್ಟ್ 1ಕ್ಕೆ ಶುರುವಾದ ಪ್ರಸಾರವೊಂದನ್ನು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯ ಜನ ಸಾಲಿಗುಡಿಯ, ಅಂದರೆ ಶಾಲೆಯ, ಮುಂದೆ ಕೂತು ನೋಡಿದ್ದರು. ಕಲ್ಕತ್ತದ ಟಿವಿ ಕೇಂದ್ರ ತೆರೆದದ್ದು ಆ ತಿಂಗಳ 9ರಂದು, ಮದ್ರಾಸಿನದು 15ರಂದು. ಅಂದರೆ ಜೋಳ, ತೊಗರಿ ಬೆಳೆಯುವ ಈ ಬಿಸಿಲು ಸೀಮೆ ಎರಡು ಮಹಾನಗರಗಳಿಗಿಂತ ದಿನಗಳ ಲೆಕ್ಕದಲ್ಲಿ, ತನ್ನ ರಾಜಧಾನಿಗಿಂತ ವರ್ಷಗಳ ಲೆಕ್ಕದಲ್ಲಿ ಮುಂದಿತ್ತು. ಈ ಭಾಗ ಯಾವುದಾದರೂ ವಿಷಯದಲ್ಲಿ ಬೆಂಗಳೂರಿಗಿಂತ ಮುಂದಿದ್ದದ್ದು ಅಪರೂಪ. ಇದ್ದಾಗಲೂ ಅದನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಇಂಥದೊಂದು ತಲೆಕೆಳಗಾದ ಕ್ರಮ ತಾನಾಗಿ ಆದದ್ದಲ್ಲ, ಹಾಗೆಯೇ ಆಗಬೇಕೆಂದು ಒಬ್ಬರು ಹಟ ಹಿಡಿದಿದ್ದರು. ಭಾರತದ ಬಾಹ್ಯಾಕಾಶ ಕಾರ್ಯಕ್ರಮ ಕಟ್ಟಿದ ವಿಜ್ಞಾನಿ ವಿಕ್ರಮ್ ಸಾರಾಭಾಯಿ. ಊರೂರಿಗೆ ಗೋಪುರ ಕಟ್ಟಿಕೊಂಡು, ಮೊದಲು ದೊಡ್ಡ ಪಟ್ಟಣ, ಆಮೇಲೆ ಸಣ್ಣ ಪಟ್ಟಣ, ಕೊನೆಗೆ ಹಳ್ಳಿ ಎಂದು ಹೋದರೆ ಹಳ್ಳಿಯ ಪಾಳಿ ಬರುವುದಕ್ಕೆ ತಲೆಮಾರುಗಳೇ ಬೇಕು ಎನ್ನುವುದು ಅವರ ಲೆಕ್ಕ. ಆಕಾಶದಲ್ಲಿ ಒಂದು ಉಪಗ್ರಹ ನಿಂತರೆ ಅದಕ್ಕೆ ದಿಲ್ಲಿಯೂ ಒಂದೇ, ದೇವದುರ್ಗವೂ ಒಂದೇ. ಹಾಗಿದ್ದಮೇಲೆ ಯಾರಿಗೆ ಅತಿ ಹೆಚ್ಚು ಅಗತ್ಯವಿದೆಯೋ ಅಲ್ಲಿಂದಲೇ ಯಾಕೆ ಶುರು ಮಾಡಬಾರದು? ದಿಲ್ಲಿಯ ಸುತ್ತಲಿನ 80 ಹಳ್ಳಿಗಳಿಗೆಂದು 1967ರ ಜನವರಿ 26ರಂದು ಶುರುವಾದ 'ಕೃಷಿ ದರ್ಶನ' ಕಾರ್ಯಕ್ರಮ ರೈತರಿಗೆ ಟಿವಿ ತೋರಿಸಬಹುದು ಎನ್ನುವುದಕ್ಕೆ ಕಣ್ಣೆದುರಿನ ಸಾಕ್ಷಿಯಾಯಿತು. 1969ರ ಸೆಪ್ಟೆಂಬರ್ 18ರಂದು ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಗೂ ಒಪ್ಪಂದವಾಯಿತು: ಉಪಗ್ರಹ ಅವರದು, ಒಂದು ವರ್ಷದ ಮಟ್ಟಿಗೆ ಎರವಲು. ನೆಲದ ಮೇಲಿನ ಯಂತ್ರಗಳು, ಕಾರ್ಯಕ್ರಮ, ಖರ್ಚುವೆಚ್ಚ ಎಲ್ಲ ನಮ್ಮದು. ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ಎಂಬ ಉದ್ದ ಹೆಸರನ್ನು ಎಲ್ಲರೂ 'ಸೈಟ್' ಎಂದು ಮೊಟಕು ಮಾಡಿದರು. ಸಾರಾಭಾಯಿ ಅದನ್ನು ನೋಡಲು ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ತೀರಿಕೊಂಡರು. ಕೆಲಸ ಇಸ್ರೊದ ಸತೀಶ್ ಧವನ್, ಯಶ್ ಪಾಲ್, ಇ.ವಿ. ಚಿಟ್ನಿಸ್ ಇವರ ಹೆಗಲಿಗೆ ಬಂತು.

ಆರು ರಾಜ್ಯಗಳನ್ನು ಆರಿಸಿದರು: ಆಂಧ್ರ, ಕರ್ನಾಟಕ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ. ಒಟ್ಟು ಸುಮಾರು 2,400 ಹಳ್ಳಿ, ಅಂದರೆ ರಾಜ್ಯಕ್ಕೆ ಸರಾಸರಿ 400. ಆರಿಸಲು ಇಟ್ಟ ಅಳತೆ ಹಿಂದುಳಿದಿರುವಿಕೆ. ಕರ್ನಾಟಕದ ಪಾಲಿಗೆ ಬಂದದ್ದು ಆ ಮೂರು ಜಿಲ್ಲೆ. ಆಗಿನ ಗುಲ್ಬರ್ಗಾ ಎಂದರೆ ಇಂದಿನ ಯಾದಗಿರಿಯೂ ಸೇರಿ, ರಾಯಚೂರು ಎಂದರೆ ಕೊಪ್ಪಳವೂ ಸೇರಿ, ಬಿಜಾಪುರ ಎಂದರೆ ಬಾಗಲಕೋಟೆಯೂ ಸೇರಿ. ಹಿಂದೆ ಗುಲ್ಬರ್ಗಾ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು, ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿತ್ತು. ಬರಗಾಲದ ವಿಷಯಕ್ಕೆ ಬಂದರೆ ಮಾತ್ರ ಮೂರೂ ಒಂದೇ ತಟ್ಟೆಯಲ್ಲಿ ಉಂಡವು. 1972ರ ಬರ ಕಳೆದು ಮೂರು ವರ್ಷವಷ್ಟೇ ಆಗಿತ್ತು. ಗುಲ್ಬರ್ಗಾದಲ್ಲಿ ಆಕಾಶವಾಣಿ ಕೇಂದ್ರ 1966ರಿಂದ ಇತ್ತು. ಪಂಚಾಯ್ತಿ ರೇಡಿಯೊ ಸಂಜೆಗೆ ಊರಿಗೆಲ್ಲ ಕೂಗಿ ಹೇಳುತ್ತಿತ್ತು. ಸ್ಥಿತಿವಂತರ ಮನೆಗಳಿಗೆ, ದುಡಿಯಲು ಪುಣೆ, ಮುಂಬಯಿಗೆ ಹೋಗಿ ಬಂದವರ ಹೆಗಲಿಗೆ ಟ್ರಾನ್ಸಿಸ್ಟರ್ ಬಂದಿತ್ತು. ಯಂತ್ರದೊಳಗಿಂದ ದನಿ ಬರುವುದು ಹೊಸದಾಗಿರಲಿಲ್ಲ. ಟೂರಿಂಗ್ ಟಾಕೀಸಿನ ಪರದೆಯೂ ಗೊತ್ತಿದ್ದದ್ದೇ. ಆದರೆ ಅದು ಜಾತ್ರೆಗೆ ಬರುವಂಥದ್ದು, ಟಿಕೆಟ್ಟು ತೆಗೆದು ನೋಡುವಂಥದ್ದು. ಸಾಲಿಯ ಕೋಣೆಯಲ್ಲಿ ದಿನಾ ಸಂಜೆ ಪುಕ್ಕಟೆ ಹತ್ತಿಕೊಳ್ಳುವ ಪರದೆ ಹೊಸ ಸಂಗತಿ.

ಎಟಿಎಸ್-6 ಎಂಬ ಆ ಉಪಗ್ರಹವನ್ನು 1974ರ ಮೇ 30ರಂದು ಹಾರಿಸಿದ್ದರು. ಮೊದಲ ವರ್ಷ ಅದು ಅಮೆರಿಕದ ಗುಡ್ಡಗಾಡಿನ ಶಾಲೆ, ಅಲಾಸ್ಕದ ಆಸ್ಪತ್ರೆಗಳ ಕೆಲಸ ಮಾಡಿತು. ಆಮೇಲೆ ಅದನ್ನು ಮೆಲ್ಲಗೆ ಪೂರ್ವಕ್ಕೆ ಸರಿಸಿ ಪೂರ್ವ ಆಫ್ರಿಕಾದ ನೆತ್ತಿಗೆ, 35 ಡಿಗ್ರಿ ರೇಖಾಂಶಕ್ಕೆ ತಂದು ನಿಲ್ಲಿಸಿದರು. ಅದರ ಆಂಟೆನಾ ಒಂಬತ್ತು ಮೀಟರಿಗೂ ಮೀರಿದ ಅಗಲ. ರಾಕೆಟ್ಟಿನಲ್ಲಿ ಮಡಚಿಕೊಂಡು ಹೋಗಿ, ಮೇಲೆ ತಲುಪಿದ ಮೇಲೆ ಕೊಡೆಯಂತೆ ಬಿಚ್ಚಿಕೊಂಡಿತ್ತು. ಮೇಲಿನದು ಅಷ್ಟು ದೊಡ್ಡದಾಗಿದ್ದರಿಂದಲೇ ಕೆಳಗಿನದು ಚಿಕ್ಕದಾಗಿ, ಅಗ್ಗವಾಗಿ ಇರಲು ಸಾಧ್ಯವಾದದ್ದು. ಅಲ್ಲಿಯವರೆಗೆ ಉಪಗ್ರಹದ ಸಂಕೇತ ಹಿಡಿಯಬೇಕೆಂದರೆ ಎಕರೆಗಟ್ಟಲೆ ಜಾಗದಲ್ಲಿ ಭೂಕೇಂದ್ರ ಕಟ್ಟಬೇಕಿತ್ತು. ಇಲ್ಲಿ ಹತ್ತು ಅಡಿ ಅಗಲದ ತಟ್ಟೆ ಸಾಕಾಯಿತು.

ಆ ತಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅದನ್ನು ಮಾಡಿದ್ದು ಕೋಳಿಗೂಡಿಗೆ ಹೊಡೆಯುವ ತಂತಿ ಜಾಲರಿಯಿಂದ. ಕಡ್ಡಿಗಳ ಚೌಕಟ್ಟಿನ ಮೇಲೆ ಜಾಲರಿ ಬಿಗಿದು, ಬಟ್ಟಲಿನ ಆಕಾರಕ್ಕೆ ಬಗ್ಗಿಸಿ, ಕಂಬಕ್ಕೆ ಕೂರಿಸಿದರೆ ಮುಗಿಯಿತು. ಇಷ್ಟೊಂದು ತೂತಿರುವ ಬಟ್ಟಲಲ್ಲಿ ಆಕಾಶದಿಂದ ಬಂದದ್ದು ನಿಲ್ಲುವುದು ಹೇಗೆ ಎಂದು ಯಾರಾದರೂ ಕೇಳುವಂಥದ್ದೇ. ಉಪಗ್ರಹ ಕಳಿಸುತ್ತಿದ್ದದ್ದು 860 ಮೆಗಾಹರ್ಟ್ಸ್ ಅಲೆ. ಅದರ ಉದ್ದ ಸುಮಾರು 35 ಸೆಂಟಿಮೀಟರ್. ಒಂದು ಮೊಳಕ್ಕೆ ಸ್ವಲ್ಪ ಕಡಿಮೆಯ ಅಲೆಗೆ ಬೆರಳಗಲದ ತೂತು ಲೆಕ್ಕಕ್ಕೇ ಬರುವುದಿಲ್ಲ. ತಗಡು ಹೊಡೆದ ಹಾಗೆಯೇ ಬಡಿದು ವಾಪಸು ಬರುತ್ತದೆ. ತಗಡಿಗಿಂತ ಜಾಲರಿ ಹಗುರ, ಗಾಳಿ ಅದರೊಳಗೇ ಹಾದುಹೋಗುವುದರಿಂದ ಬಯಲು ಸೀಮೆಯ ಬಿರುಗಾಳಿಗೂ ಅಷ್ಟಾಗಿ ಜಗ್ಗುವುದಿಲ್ಲ. ಇನ್ನೊಂದು ಗುಣ ಇವತ್ತಿನವರಿಗೆ ಹೊಟ್ಟೆಕಿಚ್ಚು ತರಿಸಬಹುದು. ಈಗ ಮಾಳಿಗೆಯ ಮೇಲಿರುವ ಡಿಶ್‌ಗಳು ಹಿಡಿಯುವುದು ಎರಡೂವರೆ ಸೆಂಟಿಮೀಟರ್ ಆಸುಪಾಸಿನ ಅಲೆ. ಜೋರು ಮಳೆ ಬಂತೆಂದರೆ ಅದು ನೀರಿನ ಹನಿಗೆ ಸಿಕ್ಕಿ ಸೊರಗುತ್ತದೆ, ಧಾರಾವಾಹಿ ನಡುವೆಯೇ ಚಿತ್ರ ಕಲ್ಲಾಗುತ್ತದೆ. 1975ರ ಜಾಲರಿಗೆ ಮಳೆಯ ಕಾಟವೇ ಇರಲಿಲ್ಲ. ಕರೆಂಟಿನ ಕಾಟ ಬೇರೆ ಮಾತು.

ತಟ್ಟೆಯನ್ನು ಯಾವ ದಿಕ್ಕಿಗೆ ತಿರುಗಿಸುವುದು? ಗುಲ್ಬರ್ಗಾದಿಂದ ನೋಡಿದರೆ ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿ. ಹಗಲು ರಾತ್ರಿ ಸಮವಾಗಿರುವ ದಿನಗಳಲ್ಲಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೋ ಹೆಚ್ಚುಕಡಿಮೆ ಅಲ್ಲಿಗೆ. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಚಿತ್ರ 36,000 ಕಿಲೋಮೀಟರ್ ಮೇಲೇರಿ, ಅಷ್ಟೇ ದೂರ ಕೆಳಗಿಳಿದು, ಸಾಲಿಗುಡಿಯ ಜಾಲರಿಗೆ ಬಡಿದು, ತಂತಿಯಲ್ಲಿ ಹರಿದು, ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯಲ್ಲಿ ತಯಾರಾದ ಕಪ್ಪು-ಬಿಳುಪು ಪೆಟ್ಟಿಗೆಗೆ ಬರುತ್ತಿತ್ತು.

ಅದೇ 1975ರ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹ ಆರ್ಯಭಟ ಸೋವಿಯತ್ ನೆಲದಿಂದ ಹಾರಿತ್ತು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ. ಹಾಗಾಗಿ ಆ ವರ್ಷದ ಕರ್ನಾಟಕದ ಸ್ಥಿತಿ ತಮಾಷೆಯಾಗಿದೆ: ಉಪಗ್ರಹ ಕಟ್ಟುವ ಊರಿನಲ್ಲಿ ಟಿವಿ ಇಲ್ಲ, ಟಿವಿ ಬಂದ ಊರಿಗೆ ಡಾಂಬರು ರಸ್ತೆ ಇಲ್ಲ.

ದಿನಕ್ಕೆ ನಾಲ್ಕು ತಾಸು ಪ್ರಸಾರ. ಬೆಳಿಗ್ಗೆ ಒಂದೂವರೆ ತಾಸು ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಅದು ಎಲ್ಲ ಭಾಷೆಯವರೂ ಹಂಚಿಕೊಳ್ಳಬೇಕಾದ ಹೊತ್ತು. ಮಕ್ಕಳಿಗೆ ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ ಸಿಕ್ಕರೆ ಸಂಜೆಗೆ ಮುಕ್ಕಾಲು ತಾಸಿಗೂ ಕಡಿಮೆ. ಅದರ ಜೊತೆಗೆ ಎಲ್ಲರಿಗೂ ಸೇರಿ ಅರ್ಧ ತಾಸಿನ ಹಿಂದಿ ಕಾರ್ಯಕ್ರಮ ದಿಲ್ಲಿಯಿಂದ. ಒಂದು ಚಿತ್ರದ ಜೊತೆ ಎರಡು ದನಿಗಳನ್ನು ಕಳಿಸುವ ಅನುಕೂಲ ಇದ್ದದ್ದರಿಂದ ತೆಲುಗು, ಕನ್ನಡ ಎರಡೂ ಒಂದೇ ಚಿತ್ರದ ಬೆನ್ನೇರಿ ಬರಬಹುದಿತ್ತು. ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಕರ್ನಾಟಕದ ಯಾವ ಊರಲ್ಲೂ ಆಗ ಟಿವಿ ಸ್ಟುಡಿಯೊ ಇರಲಿಲ್ಲವಲ್ಲ! ಮಕ್ಕಳ ವಿಜ್ಞಾನದ ಕಾರ್ಯಕ್ರಮಗಳು ಮುಂಬಯಿಯಲ್ಲಿ ಇಸ್ರೊದವರ ಸ್ಟುಡಿಯೊದಲ್ಲಿ ತಯಾರಾದವು. ಗುಲ್ಬರ್ಗಾದ ಹುಡುಗನೊಬ್ಬ ತನ್ನ ಭಾಷೆಯಲ್ಲಿ ಮೊದಲ ಸಲ ಕಂಡ ಟಿವಿ ನೆರೆರಾಜ್ಯದಲ್ಲಿ ಹುಟ್ಟಿ, ಗುಜರಾತಿನಿಂದ ಮೇಲೇರಿ, ಅಮೆರಿಕದ ಯಂತ್ರವನ್ನು ಮುಟ್ಟಿ, ಆಫ್ರಿಕಾದ ಆಕಾಶದಿಂದ ಇಳಿದು ಬಂದದ್ದು.

ಪೆಟ್ಟಿಗೆ ಎಲ್ಲಿರಬೇಕು ಎನ್ನುವುದಕ್ಕೆ ಒಂದು ಕಟ್ಟುನಿಟ್ಟು ಇತ್ತು, ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಅತಿ ಮುಖ್ಯವಾದದ್ದು ಅದೇ. ಅದು ಗೌಡರ ವಾಡೆಯಲ್ಲಿರುವಂತಿಲ್ಲ, ಕುಲಕರ್ಣಿಯವರ ಪಡಸಾಲೆಯಲ್ಲಿರುವಂತಿಲ್ಲ, ಗುಡಿಯಲ್ಲೂ ಇರುವಂತಿಲ್ಲ. ಸಾಲಿ, ಪಂಚಾಯ್ತಿ ಕಟ್ಟಡ, ಹೀಗೆ ಯಾವ ಜಾತಿಯವರೂ ಬಂದು ಕೂರಬಹುದಾದ ಸಾರ್ವಜನಿಕ ಜಾಗವೇ ಆಗಬೇಕು. ಉಸ್ತುವಾರಿ ಬಹುಮಟ್ಟಿಗೆ ಸಾಲಿ ಮಾಸ್ತರರದು. ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಹಚ್ಚುವುದು, ಆರಿಸುವುದು, ಕೆಟ್ಟರೆ ಸುದ್ದಿ ಮುಟ್ಟಿಸುವುದು ಅವರ ಪಾಲಿನ ಕೆಲಸವಾಯಿತು. "ಮಾಸ್ತರ್ರ, ಇವತ್ತ ಡಬ್ಬಿ ಹಚ್ಚಂಗಿಲ್ಲೇನ್ರಿ?" ಎಂದು ಸಂಜೆಗೆ ಬಾಗಿಲಿಗೆ ಬಂದು ನಿಲ್ಲುವ ಹುಡುಗರು, ಹೊಲದಿಂದ ಬಂದು ಮುಖ ತೊಳೆದು ಕಂಬಳಿ ಹೊದ್ದು ಬರುವ ಹಿರಿಯರು, ರೊಟ್ಟಿ ಬಡಿಯುವ ಹೊತ್ತು ಮುಗಿಸಿ ಬಂದು ಒಂದು ಪಕ್ಕಕ್ಕೆ ಗುಂಪಾಗಿ ಕೂರುವ ಹೆಣ್ಣುಮಕ್ಕಳು. ಎಲ್ಲರಿಗಿಂತ ಮುಂದೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಮಕ್ಕಳು. ಸಂಜೆಯ ಕಾರ್ಯಕ್ರಮ ದೊಡ್ಡವರದೆಂದು ಯಾರು ಎಷ್ಟು ಹೇಳಿದರೂ ಅಲ್ಲಿಯೂ ಹೆಚ್ಚಿದ್ದವರು ಅವರೇ. ಒಟ್ಟಿಗೆ ಬಂದರೆಂದ ಮಾತ್ರಕ್ಕೆ ಒಟ್ಟಿಗೆ ಕೂತರೆಂದಲ್ಲ. ಊರು ತನ್ನ ಸಾಲುಗಳನ್ನು ಅಂಗಳಕ್ಕೂ ತಂದಿರುತ್ತದೆ. ಆದರೂ ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಯಾರ ಹೊಸ್ತಿಲೂ ಅಡ್ಡ ಇರಲಿಲ್ಲ.

ತೋರಿಸಿದ್ದೇನು? ಒಕ್ಕಲುತನ, ದನಕರುಗಳ ಆರೈಕೆ, ಬಾಣಂತಿ ಮತ್ತು ಕೂಸಿನ ಆರೋಗ್ಯ, ಕುಟುಂಬ ಯೋಜನೆ, ನಡುವೆ ನಾಟಕ, ಹಾಡು, ಕುಣಿತ. ಜನ ಮೊದಲ ವಾರಗಳಲ್ಲಿ ನೂರಾರು ಸಂಖ್ಯೆಯಲ್ಲಿ ಮುಗಿಬಿದ್ದರು, ಹೊಸತನ ಕಳೆದಂತೆ ಕರಗಿದರು. ಉಪದೇಶ ಎಷ್ಟು ದಿನ ಕೇಳುತ್ತಾರೆ? ಬೀಜ ಬಿತ್ತುವುದು ಹೇಗೆಂದು ಪರದೆಯ ಮೇಲಿನ ಸಾಹೇಬರು ಹೇಳಬಹುದು. ಆ ಬೀಜ ತಾಲ್ಲೂಕಿನ ಡಿಪೊದಲ್ಲಿ ಸಿಗದಿದ್ದರೆ? ಬಾವಿಯಲ್ಲಿ ನೀರೇ ಇಲ್ಲದವನಿಗೆ ನೀರಾವರಿ ಪಾಠದಿಂದ ಆಗುವುದೇನು?

ಪ್ರಯೋಗವೆಂದ ಮೇಲೆ ಅಳೆಯಲೇಬೇಕಲ್ಲ. ಮಾನವಶಾಸ್ತ್ರಜ್ಞರು ಆಯ್ದ ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ವಾಸ ಮಾಡಿ ಬರೆದುಕೊಂಡರು. ಇತರರು ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗಿದರು. ಸಿಕ್ಕ ಉತ್ತರ ಹೊಗಳುವವರಿಗೂ ತೆಗಳುವವರಿಗೂ ಪೂರ್ತಿ ಒಗ್ಗುವಂಥದ್ದಲ್ಲ. ಬೇಸಾಯದ ಪದ್ಧತಿ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಶಾಲೆಗೆ ಸೇರುವವರ ಸಂಖ್ಯೆ ಏರಲಿಲ್ಲ, ಬಿಡುವವರ ಸಂಖ್ಯೆ ಇಳಿಯಲೂ ಇಲ್ಲ. ಆದರೆ ಆರೋಗ್ಯ, ಆಹಾರ, ಕುಟುಂಬ ಯೋಜನೆಯ ತಿಳಿವಳಿಕೆ ಹೆಣ್ಣುಮಕ್ಕಳಲ್ಲಿ, ಅದರಲ್ಲೂ ಓದು ಬಾರದವರಲ್ಲಿ ಎದ್ದುಕಾಣುವಷ್ಟು ಹೆಚ್ಚಿತ್ತು. ಪತ್ರಿಕೆ ಓದಲಾಗದವರಿಗೆ, ರೇಡಿಯೊ ಗಂಡಸರ ಕೈಯಲ್ಲಿದ್ದವರಿಗೆ ಹೊರಗಿನ ಮಾತು ನೇರವಾಗಿ ಮುಟ್ಟಿದ್ದು ಅದೇ ಮೊದಲು ಇರಬೇಕು. ಟಿವಿ ನೋಡಿದ ಮಕ್ಕಳ ಮಾತು ಸುಧಾರಿಸಿತ್ತು, ಹೊಸದನ್ನು ತಿಳಿಯುವ ಹಂಬಲ ಹೆಚ್ಚಿತ್ತು ಎನ್ನುವುದೂ ಆ ವರದಿಗಳಲ್ಲಿದೆ. ಇದಕ್ಕಿಂತ ಕಡಿಮೆ ಸದ್ದಿನಲ್ಲಿ ನಡೆದ ಇನ್ನೊಂದು ಕೆಲಸವೂ ಉಂಟು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯನ್ನು ಇದೇ ಪೆಟ್ಟಿಗೆಯ ಮೂಲಕ ಎರಡು ಸುತ್ತು ಕೊಟ್ಟರು. ಒಂದೊಂದು ಸುತ್ತಿನಲ್ಲಿ ಆರು ರಾಜ್ಯಗಳಿಂದ ಸುಮಾರು 24,000 ಮಾಸ್ತರರು ಕೂತು ಕಲಿತರು.

ಈ ಕಥೆಯ ಮೇಲೆ ಬಿದ್ದಿರುವ ನೆರಳನ್ನು ಹೇಳದೆ ಬಿಡುವುದು ತಪ್ಪಾಗುತ್ತದೆ. ತುರ್ತುಪರಿಸ್ಥಿತಿ ಜಾರಿಯಾದದ್ದು 1975ರ ಜೂನ್ 25ರ ರಾತ್ರಿ. ಸೈಟ್ ಶುರುವಾದದ್ದು ಅದಾದ ಐದು ವಾರಕ್ಕೆ. ಜುಲೈ 1ರಂದು ಇಂದಿರಾ ಗಾಂಧಿ ಇಪ್ಪತ್ತು ಅಂಶಗಳ ಕಾರ್ಯಕ್ರಮ ಸಾರಿದ್ದರು. ಪತ್ರಿಕೆಗಳ ಬಾಯಿ ಕಟ್ಟಿದ ದಿನಗಳಲ್ಲೇ ಹಳ್ಳಿಗೆ ಕಣ್ಣು ಬಂತು ಎಂದರೆ, ಆ ಕಣ್ಣಿಗೆ ಏನು ತೋರಿಸಬೇಕೆಂದು ತೀರ್ಮಾನಿಸುವವರು ಒಬ್ಬರೇ ಉಳಿದಿದ್ದರು ಎಂದರ್ಥ. ದಿಲ್ಲಿಯ ಅರ್ಧ ತಾಸು ನಿರುಪದ್ರವಿಯಾಗಿತ್ತೆಂದು ನಾನು ನಂಬುವುದಿಲ್ಲ. ಕನ್ನಡದ ಹಳ್ಳಿಗನಿಗೆ ಆ ಹಿಂದಿ ಎಷ್ಟು ತಿಳಿಯಿತು ಎನ್ನುವುದು ಬೇರೆ. ಬಹುಶಃ ಅರ್ಥವಾಗದಿರುವುದೇ ಕೆಲವು ಸಂಜೆ ಅವನನ್ನು ಕಾಪಾಡಿರಬಹುದು. ಪ್ರಯೋಗ ನಡೆಯುತ್ತಿರುವಾಗಲೇ, 1976ರ ಏಪ್ರಿಲ್ 1ರಿಂದ, ಟಿವಿ ವಿಭಾಗ ಆಕಾಶವಾಣಿಯಿಂದ ಬೇರೆಯಾಗಿ ದೂರದರ್ಶನ ಎಂಬ ಸ್ವಂತ ಮನೆ ಮಾಡಿಕೊಂಡಿತು.

ಎರವಲು ತಂದದ್ದನ್ನು ಹಿಂದಿರುಗಿಸಬೇಕು. 1976ರ ಜುಲೈ 31ಕ್ಕೆ ಒಪ್ಪಂದ ಮುಗಿಯಿತು. ಉಪಗ್ರಹ ತನ್ನ ದೇಶದ ಕಡೆಗೆ ಹೊರಟಿತು. ಮರುದಿನ ಮಾಸ್ತರರು ಗುಂಡಿ ಒತ್ತಿದ್ದರೆ ಪರದೆಯ ಮೇಲೆ ಚುಕ್ಕೆಗಳ ಗದ್ದಲ ಬಿಟ್ಟು ಏನೂ ಬರುತ್ತಿರಲಿಲ್ಲ. ಕೊಟ್ಟು ಕಸಿದುಕೊಂಡಂತಾಯಿತು ಎಂಬ ಕೂಗನ್ನು ಸ್ವಲ್ಪ ಮಟ್ಟಿಗಾದರೂ ತಣಿಸಲು ಆರು ಕಡೆ ನೆಲದ ಮೇಲೆಯೇ ಪ್ರಸಾರ ಕೇಂದ್ರ ಹಾಕಿದರು. ಅದರಲ್ಲಿ ಗುಲ್ಬರ್ಗಾ ಒಂದು, 1977ರಲ್ಲಿ. ಹೀಗೆ ಗೋಪುರ ನೆಟ್ಟು ಮಾಡುವ ಪ್ರಸಾರದಲ್ಲೂ ಬೆಂಗಳೂರಿಗಿಂತ ನಾಲ್ಕು ವರ್ಷ ಮುಂದೆ ನಿಂತಿತು ಆ ಊರು. ಆದರೆ ಗೋಪುರದ ಕೈ ಉಪಗ್ರಹದ ಕೈಯಷ್ಟು ಉದ್ದವಲ್ಲ. ಅದರ ಸುತ್ತಿನ ಹಳ್ಳಿಗಳಿಗೆ ಮಾತ್ರ ಚಿತ್ರ ಸಿಕ್ಕಿತು. ರಾಯಚೂರು, ಬಿಜಾಪುರದ ದೂರದ ಊರುಗಳಲ್ಲಿ ಜಾಲರಿಯ ತಟ್ಟೆಗಳು ಪಶ್ಚಿಮಕ್ಕೆ ಮುಖ ಮಾಡಿಕೊಂಡೇ ತುಕ್ಕು ಹಿಡಿಯತೊಡಗಿದವು.

ಎಂಟು ಹತ್ತು ವರ್ಷ ಕಳೆದು ಟಿವಿ ಮತ್ತೆ ಆ ಊರುಗಳಿಗೆ ಬಂತು. ಈ ಸಲ ಬೇರೆ ದಾರಿಯಿಂದ. 1982ರ ಏಷ್ಯನ್ ಕ್ರೀಡಾಕೂಟ ಬಣ್ಣ ತಂದಿತು. ಅದೇ ವರ್ಷ ಹಾರಿದ ಭಾರತದ ಉಪಗ್ರಹ ಇನ್‌ಸ್ಯಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟಿನಲ್ಲಿ ಹೋದ 1ಬಿ ಗಟ್ಟಿಯಾಗಿ ನಿಂತಿತು. ದೇಶದ ತುಂಬ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು. ಈಗ ಪೆಟ್ಟಿಗೆ ಬಂದದ್ದು ಸಾಲಿಗಲ್ಲ, ಅಂಗಡಿಯವರ ಮನೆಗೆ, ನೌಕರಿ ಇದ್ದವರ ಮನೆಗೆ, ಮದುವೆಯಲ್ಲಿ ಬೀಗರು ಕೊಟ್ಟ ಸಾಮಾನಿನ ಜೊತೆಗೆ. ಮಾಳಿಗೆಯ ಮೇಲೆ ಒಬ್ಬ ಆಂಟೆನಾ ತಿರುವುವುದು, ಅಂಗಳದಲ್ಲಿ ಒಬ್ಬ, ಒಳಗೆ ಒಬ್ಬಳು. "ಬಂತೇನು?" "ಬಂತು... ಹೋತು... ಇನ್ನ ಸ್ವಲ್ಪ ಈಕಡೆ!" 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದಾಗ ಟಿವಿ ಇದ್ದ ಮನೆಗೆ ಊರೇ ನುಗ್ಗಿತು. ಹುಡುಗರಿಂದ ನಾಲ್ಕಾಣೆ ವಸೂಲಿ ಮಾಡಿದ ಮನೆಗಳೂ ಇದ್ದವು. ಆ ಭಾನುವಾರಗಳನ್ನು ಊರು ಒಂದಾದ ದಿನಗಳೆಂದು ಕೊಂಡಾಡುವ ಬರಹಗಳು ಬೇಕಾದಷ್ಟಿವೆ. ಮನೆಯವರು ಕುರ್ಚಿಯ ಮೇಲೆ, ನಂಟರು ಜಮಖಾನದ ಮೇಲೆ, ಮಿಕ್ಕವರು ಬಾಗಿಲಲ್ಲಿ. ಕೇರಿಯ ಹುಡುಗರಾದರೋ ಹೊರಗೆ, ಕಿಟಕಿಯ ಸರಳು ಹಿಡಿದು. ಕಿಟಕಿಯಾಚೆ ನಿಂತು ರಾಮಾಯಣ ನೋಡಿದವರು ಬರೆದರೆ ಅದು ಬೇರೆ ಲೇಖನವಾಗುತ್ತದೆ. ಆ ಹುಡುಗರ ಅಣ್ಣ ಅಕ್ಕಂದಿರು ಹನ್ನೆರಡು ವರ್ಷದ ಹಿಂದೆ ಇದೇ ಊರ ಸಾಲಿಯಲ್ಲಿ ಪರದೆಯ ಮುಂದೆ ಮೊದಲ ಸಾಲಲ್ಲಿ ಕೂತಿರಬಹುದಿತ್ತು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ: ಕೇಬಲ್ಲು, ಧಾರಾವಾಹಿ, ಮಾಳಿಗೆಗೊಂದು ಡಿಶ್, ಕೈಗೊಂದು ಮೊಬೈಲು. ಇಪ್ಪತ್ತನಾಲ್ಕು ತಾಸೂ ಕನ್ನಡ. ಟಿವಿಯಿಂದ ಪಾಠ ಹೇಳಿಸುವ ಯೋಚನೆ ಹಿಂದೆ ಸರಿಯಿತು.

ಅದು ಮತ್ತೆ ಮುನ್ನೆಲೆಗೆ ಬಂದದ್ದು ಕೊರೊನಾ ಕಾಲದಲ್ಲಿ. 2020ರ ಜುಲೈನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದವು. ಸಾಲಿಗೆ ಬೀಗ ಬಿದ್ದಿತ್ತು. ಮಾಸ್ತರರು ಯಾವ ಮಗುವಿನ ಮನೆಯಲ್ಲಿ ಟಿವಿ ಇದೆ, ಯಾವ ಮಗುವಿನ ಮನೆಯಲ್ಲಿ ಇಲ್ಲ ಎಂದು ಪಟ್ಟಿ ಮಾಡಿದರು. ಇಲ್ಲದವರು ನೆರೆಮನೆಗೆ ಹೋಗಿ ನೋಡಬೇಕು, ಆದರೆ ರೋಗದ ಭಯದಲ್ಲಿ ಯಾರ ಮನೆಗೂ ಯಾರೂ ಹೋಗುವ ಹಾಗಿಲ್ಲ. ಗದಗ ಜಿಲ್ಲೆಯಲ್ಲಿ ತಾಯಿಯೊಬ್ಬರು ಮಕ್ಕಳ ಪಾಠ ತಪ್ಪಬಾರದೆಂದು ತಾಳಿ ಒತ್ತೆಯಿಟ್ಟು ಟಿವಿ ತಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸುದ್ದಿ ಹರಡಿದ ಮೇಲೆ ನೆರವಿನ ಮಾತುಗಳೂ ಬಂದವು. ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಎಂಬ ಹೆಸರಿನಲ್ಲಿ ಮಕ್ಕಳನ್ನು ಗುಡಿಯ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಸಣ್ಣ ಗುಂಪಾಗಿ ಕೂರಿಸಿ ಮಾಸ್ತರರಿಂದಲೇ ಪಾಠ ಹೇಳಿಸಿತು. ಸೋಂಕು ಹಬ್ಬುತ್ತದೆಂಬ ಆತಂಕದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.